ಹೀಗೂ ಸಾರ್‌ಗೆ ಸಿಗದ ಸೀಟು

ನಮ್ಮ ಮಾಮನಿಗೆ ಆಸ್ಪತ್ರೆಯಲ್ಲಿ ಹೆಸರೇ ಇಲ್ಲ. ಇಪ್ಪತ್ತಾರು ವರ್ಷದಿಂದ ರೆಕಾರ್ಡ್ ರೂಮಿನಲ್ಲಿ ಕೂತು ಊರವರ ಹೆಸರುಗಳನ್ನೆಲ್ಲ ಹುಡುಕಿಕೊಟ್ಟ ಮನುಷ್ಯ, ಅವನನ್ನು ಮಾತ್ರ ಆಯಾಗಳಿಂದ ಹಿಡಿದು ಸೂಪರಿಂಟೆಂಡೆಂಟ್ ಮೇಡಂವರೆಗೆ ಎಲ್ಲರೂ ಕರೆಯುವುದು ‘ಹೀಗೂ ಸಾರ್’ ಅಂತ! ಸಂಬಳದ ಚೀಟಿಯಲ್ಲಿ ಬೇರೆ ಏನೋ ಇದೆ, ಅದನ್ನು ಓದಿದವರು ಯಾರೂ ಇದ್ದಂತಿಲ್ಲ.

ಆ ಹೆಸರು ಬಂದದ್ದು ಕಿಟಕಿಯಿಂದ. ರೆಕಾರ್ಡ್ ರೂಮ್ ಇರುವುದು ನೆಲಮಾಳಿಗೆಯಲ್ಲಿ. ಸೂರು ಮುಟ್ಟುವ ಕಬ್ಬಿಣದ ರ್ಯಾಕುಗಳು, ಗೋಂದಿನ ವಾಸನೆ, ಮೇಲಿನ ಪೈಪು ಆಗಾಗ ಗೊಳಗೊಳ ಅನ್ನುತ್ತದೆ. ಜನ ಮೊಣಕೈ ಊರಿ ಊರಿ ಕಿಟಕಿಯ ಹಲಗೆ ಎರಡು ಕಡೆ ಬಟ್ಟಲಿನ ಹಾಗೆ ತಗ್ಗಾಗಿಬಿಟ್ಟಿದೆ. ಹಳೆಯ ಫೈಲು ಬೇಕು ಅಂತ ಬಂದವರು ಹೆಸರು ಹೇಳುತ್ತಾರೆ, ಮಾಮ ಹುಡುಕುತ್ತಾನೆ, ಸಿಗುವುದಿಲ್ಲ. ಬೇರೆಯವರಾಗಿದ್ದರೆ ‘ಇಲ್ಲ, ಹೋಗಿ’ ಅಂದು ಮುಗಿಸುತ್ತಿದ್ದರು. ಮಾಮ ಕನ್ನಡಕ ಹಣೆಗೇರಿಸಿ, “ತಾಳಿ ತಾಳಿ, ಹೀಗೂ ಬರೀತಾರೆ,” ಅನ್ನುತ್ತ ಇನ್ನೊಂದು ಅಕ್ಷರಕ್ಕೆ ಕೈ ಹಾಕುತ್ತಾನೆ. ‘ಹ’ದಲ್ಲಿ ಇಲ್ಲವೇ, ‘ಅ’ದಲ್ಲಿ ನೋಡು. ‘ಳ’ ಇರಬೇಕಾದಲ್ಲಿ ‘ಲ’, ‘ಶ’ ಇರಬೇಕಾದಲ್ಲಿ ‘ಸ’, ದೀರ್ಘ ಇರಬೇಕಾದಲ್ಲಿ ಬರೆದುಕೊಂಡವನಿಗೆ ಊಟಕ್ಕೆ ಹೊತ್ತಾಗಿತ್ತು ಅಂತ ಒಂದು ಹ್ರಸ್ವ! ಮೂರನೆಯದಕ್ಕೋ ನಾಲ್ಕನೆಯದಕ್ಕೋ ಫೈಲು ಸಿಕ್ಕೇ ಸಿಗುತ್ತಿತ್ತು. ಸಿಕ್ಕಾಗ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಹೆರಿಗೆ ವಾರ್ಡಿನ ನರ್ಸ್ ಮಗು ತಂದುಕೊಡುವ ಹಾಗೆ ತಂದುಕೊಡುತ್ತಿದ್ದ.

ಈ ಹಟ ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಅತ್ತೆ, ಅಂದರೆ ಮಾಮನ ಹೆಂಡತಿ, ಜ್ವರ ಬಂದು ಇದೇ ಆಸ್ಪತ್ರೆಯಲ್ಲಿ ಮಲಗಿದ್ದಳು. ಮದುವೆಗೆ ಮುಂಚೆ ಒಮ್ಮೆ ಇಲ್ಲೇ ಒಂದು ಇಂಜೆಕ್ಷನ್ ಕೊಟ್ಟಾಗ ಅವಳ ಕಿವಿಯೊಳಗೆ ಗುಂಯ್ ಅಂದಿತ್ತಂತೆ. ಆಗಿನ ಡಾಕ್ಟರು ಫೈಲಿನಲ್ಲಿ ಕೆಂಪು ಶಾಯಿಯಿಂದ ‘ಇನ್ನು ಮುಂದೆ ಕೊಡಬಾರದು’ ಅಂತ ಬರೆದಿಟ್ಟಿದ್ದರು. ಅವಳಿಗೆ ಆ ಔಷಧಿಯ ಹೆಸರು ಗೊತ್ತಿರಲಿಲ್ಲ. ಫೈಲು ತರಿಸಿ ಅಂದರು ಡಾಕ್ಟರು. ಫೈಲು ಸಿಗಲಿಲ್ಲ. ಅವಳ ಹೆಸರಿನ ಮೊದಲ ಅಕ್ಷರ ‘ಹ’, ಬರೆದುಕೊಂಡವರು ಯಾರೋ ‘ಅ’ ಬರೆದಿದ್ದರು. ಮಾಮ ಆ ವಾರ ರಜೆ ಹಾಕಿ ಅವಳ ಮಂಚದ ಪಕ್ಕದಲ್ಲೇ ಕೂತಿದ್ದ, ಫೈಲು ಅವನದೇ ಕೋಣೆಯಲ್ಲಿ, ಅವನೇ ಕಟ್ಟಿದ ಕಟ್ಟಿನಲ್ಲಿ, ಬೇರೆ ಅಕ್ಷರದ ರ್ಯಾಕಿನಲ್ಲಿ ಇತ್ತು. ಐದು ದಿನ ಅದೇ ಇಂಜೆಕ್ಷನ್ ಕೊಟ್ಟರು. ಜ್ವರ ಹೋಯಿತು, ಜೊತೆಗೆ ಎಡಗಿವಿಯೂ ಹೋಯಿತು. ಬಲಗಿವಿ ಅರ್ಧ ಉಳಿಯಿತು.

ಅಲ್ಲಿಂದ ಶುರುವಾದದ್ದು ನೋಟ್‌ಬುಕ್ಕು!

ಅದು ಶುರುವಾದದ್ದೂ ಒಂದು ತಮಾಷೆಯಿಂದಲೇ. ಒಂದು ಬೆಳಗ್ಗೆ ಮಾಮ, “ಹಾಲು ಬಂತೇನೇ?” ಅಂದ.

“ಆಳಾ? ಯಾವ ಆಳ್ರೀ? ನಾನ್ಯಾರಿಗೂ ಹೇಳಿಲ್ಲವಲ್ಲ!” ಅಂದಳು ಅತ್ತೆ.

ಮಾಮ ನಗಲಿಲ್ಲ. ಕೂತವನು ಎದ್ದು ನಿಂತುಬಿಟ್ಟ. ಹೆಸರು ಬರೆದುಕೊಳ್ಳುವ ಕೌಂಟರಿನವರು ಗಾಜಿನ ಆಚೆ ಕೂತು, ಗಲಾಟೆಯ ನಡುವೆ ಕೇಳಿಸಿಕೊಂಡು ಮಾಡುವ ತಪ್ಪೇ ಇದು, ‘ಹ’ ಹೋಗಿ ‘ಅ’, ‘ಲ’ ಹೋಗಿ ‘ಳ’! ಅತ್ತೆಯ ಕಿವಿ ಎಲ್ಲಿ ಎಡವುತ್ತದೋ ಆಸ್ಪತ್ರೆಯೂ ಅಲ್ಲೇ ಎಡವುತ್ತದೆ. ಅಂದಿನಿಂದ ದಿನಾ ಸಂಜೆ ಮಾಮ ಒಂದು ಸ್ಟೀಲ್ ತಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು, ತುಟಿ ನೋಡಿ ಅವಳು ಊಹಿಸಬಾರದು ಅಂತ, ಊರಲ್ಲಿರುವ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳುವುದು, ಅವಳು ತನಗೆ ಕೇಳಿದ್ದನ್ನು ಹೇಳುವುದು, ಅವನು ಬರೆದುಕೊಳ್ಳುವುದು. ಪಕ್ಕದ ಮನೆಯವರಿಗೆ ಇವರಿಬ್ಬರಿಗೂ ತಲೆ ಕೆಟ್ಟಿದೆ ಅಂತ ಖಾತ್ರಿಯಾಗಿತ್ತು.

“ಇನ್ನೊಂದ್ಸಲ ಹೇಳ್ಲೇನೇ?”

“ಬೇಡ ಕಣ್ರೀ, ಕೇಳಿದ್ದು ಕೇಳ್ತು. ತಪ್ಪು ಬೇಕಾಗಿರೋದು ನಿಮಗೇ ತಾನೇ?”

ಹನ್ನೊಂದು ನೋಟ್‌ಬುಕ್ ತುಂಬಿದವು. ಇನ್ನೊಂದು ಚಿಕ್ಕದು ಯಾವಾಗಲೂ ಜೇಬಿನಲ್ಲಿ. ರಸ್ತೆಯಲ್ಲಿ, ಬಸ್ಸಿನಲ್ಲಿ, ಸಾವಿನ ಮನೆಯಲ್ಲಿ ಕೂಡ ಅತ್ತೆ ಏನಾದರೂ ತಪ್ಪು ಕೇಳಿಸಿಕೊಂಡರೆ ಸಾಕು, ಟಕ್ ಅಂತ ನೋಟ್‌ಬುಕ್ ಆಚೆ!

ಆಮೇಲೆ ಆಸ್ಪತ್ರೆಗೆ ಕಂಪ್ಯೂಟರ್ ಬಂತು. ಫೈಲುಗಳನ್ನೆಲ್ಲ ಸ್ಕ್ಯಾನ್ ಮಾಡಿ, ಕಾಗದದ ಕಟ್ಟುಗಳನ್ನು ಊರಾಚೆಯ ಗೋದಾಮಿಗೆ ಕಳಿಸಿದರು, ಅಲ್ಲಿ ಅವು ನೆಂದು ಮುದ್ದೆಯಾದವು ಅಂತ ಸುದ್ದಿ. ಹಾಕಿದ ಸಾಫ್ಟ್‌ವೇರು ಓಪನ್ ಸೋರ್ಸು. ಅದರ ಕೋಡ್ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ತಿದ್ದಿದ್ದನ್ನು ವಾಪಸ್ ಕೊಡಬಹುದು. ಅದನ್ನು ತಂದು ಕೂರಿಸಿದ್ದು ಕಂಪ್ಯೂಟರ್ ಮೇಡಂ. ಆಸ್ಪತ್ರೆಯ ಅಷ್ಟೂ ಕಂಪ್ಯೂಟರಿಗೆ ಅವರೊಬ್ಬರೇ ದಿಕ್ಕು, ಕುತ್ತಿಗೆಯಲ್ಲಿ ಸದಾ ಒಂದು ವೈರು. ಅವರೇ ಮಾಮನಿಗೆ, “ಸಾರ್, ನಿಮ್ಮ ನೋಟ್‌ಬುಕ್ ಇವರಿಗೆ ಕೊಡಿ, ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ,” ಅಂತ ಆ ಸಾಫ್ಟ್‌ವೇರ್ ಕಟ್ಟುವವರ ಚರ್ಚೆಯ ಜಾಗ ತೋರಿಸಿಕೊಟ್ಟರು. ಮಾಮ ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ ಹದಿನಾಲ್ಕು ತಿಂಗಳಲ್ಲಿ ಹನ್ನೊಂದೂ ನೋಟ್‌ಬುಕ್ ಏರಿಸಿದ. ಎಲ್ಲೋ ದೂರದ ದೇಶದಲ್ಲಿ ಒಬ್ಬ ರಿಟೈರಾದ ಗಣಿತದ ಮೇಷ್ಟ್ರು, ಇವತ್ತಿನವರೆಗೂ ಮಾಮ ಅವರ ಮುಖ ನೋಡಿಲ್ಲ, ಅದನ್ನು ಕೋಡ್ ಮಾಡಿಕೊಟ್ಟರು. ಒಂದು ಹೆಸರು ಹೊಡೆದರೆ ಸಾಕು, ಅದು ತಪ್ಪಾಗಿ ಕೇಳಿಸಬಹುದಾದ ಅಷ್ಟೂ ಬಗೆ ಪರದೆಯ ಮೇಲೆ ಸಾಲಾಗಿ ಬಂದು ನಿಲ್ಲುತ್ತಿತ್ತು! ಆ ಭಾಗಕ್ಕೆ ಮಾಮ ಇಟ್ಟ ಹೆಸರು ‘ಎಡಗಿವಿ’. ಹೊಸ ಆವೃತ್ತಿಯ ವಿವರದಲ್ಲಿ ಒಂದು ಸಾಲು ಬಂತು: ‘ಎಡಗಿವಿ — ಒಬ್ಬ ರೆಕಾರ್ಡ್ ಕೀಪರ್ ಮತ್ತು ಅವರ ಪತ್ನಿಯ ಕೊಡುಗೆ.’ ಮಾಮ ಅದನ್ನು ಪ್ರಿಂಟ್ ತೆಗೆದು ಮನೆಯ ಬೀರುವಿನ ಬಾಗಿಲ ಒಳಗೆ ಅಂಟಿಸಿದ. ಸೀರೆ ತೆಗೆಯುವಾಗೆಲ್ಲ ಅತ್ತೆ ಒಂದು ಸಲ ಓದುತ್ತಾಳೆ.

ಆರು ವರ್ಷ ಹೀಗೆ ನಡೆಯಿತು. ಹೀಗೇ ನಡೆದುಕೊಂಡು ಹೋಗಬಹುದಿತ್ತು.

ಆ ಸಾಫ್ಟ್‌ವೇರನ್ನು ನೋಡಿಕೊಳ್ಳುತ್ತಿದ್ದ ಕಂಪನಿ ಒಂದು ದಿನ ಪ್ರಕಟಣೆ ಹೊರಡಿಸಿತು. ಮುಂದಿನ ಆವೃತ್ತಿ ಎರಡು ಬಗೆ. ಒಂದು ಕಮ್ಯುನಿಟಿ ಎಡಿಷನ್, ಅದು ಪುಕ್ಕಟೆ, ಎಷ್ಟು ಜನ ಬೇಕಾದರೂ ಬಳಸಬಹುದು, ಆದರೆ ಅದರಲ್ಲಿ ಎಡಗಿವಿ ಇರುವುದಿಲ್ಲ. ಇನ್ನೊಂದು ಎಂಟರ್‌ಪ್ರೈಸ್ ಎಡಿಷನ್, ಅದಕ್ಕೆ ದುಡ್ಡು, ಅದರಲ್ಲಿ ಎಡಗಿವಿ ಇರುತ್ತದೆ, ಆದರೆ ಹೆಸರು ‘ಸ್ಮಾರ್ಟ್ ನೇಮ್ ಸರ್ಚ್’. ಹಳೆಯದಕ್ಕೆ ಇನ್ನು ರಿಪೇರಿ ಇಲ್ಲ, ಆಸ್ಪತ್ರೆಯ ಹೊಸ ಮೆಷಿನ್ನಿನಲ್ಲಿ ಅದು ಓಡುವುದೂ ಇಲ್ಲ. ಪಟ್ಟಿ ಕೊಡುವಾಗ, ಕಂಪನಿ ಇದನ್ನು ಹೇಗೆ ಬೇಕಾದರೂ ಬಳಸಬಹುದು ಅನ್ನುವುದಕ್ಕೆ, ಮಾಮ ಎಲ್ಲೋ ಒಂದು ಕಡೆ ‘ಒಪ್ಪಿದ್ದೇನೆ’ ಅಂತ ಒತ್ತಿದ್ದ. ಒತ್ತಿದ್ದು ನಿಜ.

ಮನೆಯಲ್ಲಿ ಇದನ್ನು ಅತ್ತೆಯ ಬಲಗಿವಿಗೆ ಮೂರು ಸಲ ಹೇಳಬೇಕಾಯಿತು.

“ಅಂದ್ರೆ, ನನ್ ಕಿವಿ ತಗೊಂಡು ನನಗೇ ಮಾರ್ತಾರಾ?”

“ಹಾಗಲ್ವೇ... ಹೂಂ. ಹಾಗೇ.”

“ಒಳ್ಳೇ ಕಿವೀನ ಯಾರೂ ಕೇಳ್ಲಿಲ್ಲ ನೋಡಿ, ಕೆಟ್ಟಿದ್ದಕ್ಕೇ ಗಿರಾಕಿ!” ಅಂತ ಅವಳು ಬಿದ್ದು ಬಿದ್ದು ನಕ್ಕಳು. ಮಾಮ ನಗಲಿಲ್ಲ.

ಯಾವುದನ್ನು ಹಾಕಿಸುವುದು ಅಂತ ಮೀಟಿಂಗ್ ಕರೆಯುವ ಹಿಂದಿನ ದಿನ ಕಂಪ್ಯೂಟರ್ ಮೇಡಂ ನೆಲಮಾಳಿಗೆಗೆ ಇಳಿದು ಬಂದರು.

“ಸಾರ್, ಫ್ರೀ ಎಡಿಷನ್ನೇ ಹಾಕ್ಸೋಣ. ಹಳೇ ಕೋಡ್ ನಮ್ಮ ಹತ್ರ ಇದೆ, ಅದನ್ನ ಯಾರೂ ಕಿತ್ಕೊಳ್ಳಕ್ಕಾಗಲ್ಲ. ಎಡಗಿವೀನ ನಾನೇ ಹೊಸದಕ್ಕೆ ಹೊಲಿದು ಕೊಡ್ತೀನಿ. ಆರು ತಿಂಗಳು ಕೊಡಿ ನಂಗೆ.”

“ಆರು ತಿಂಗಳು ಕಿಟಕೀಗೆ ಬಂದೋರಿಗೆ ಏನ್ ಹೇಳ್ಲಿ ಮೇಡಂ?”

“ಸ್ವಲ್ಪ ತಡೀರಿ ಅನ್ನಿ.”

“ಅವತ್ತು ನನ್ ಹೆಂಡ್ತಿಗೂ ಹಂಗೇ ಅಂದಿದ್ರು.”

ಮೇಡಂ ಕುತ್ತಿಗೆಯ ವೈರನ್ನು ಬೆರಳಿಗೆ ಸುತ್ತಿಕೊಂಡರು. “ಸಾರ್, ಅದು ನಿಮ್ಮದು. ನೀವೇ ಕೊಟ್ಟಿದ್ದನ್ನ ನೀವೇ ಕೊಂಡ್ಕೊಳ್ಳಿ ಅಂತ ಹೇಗೆ ಹೇಳ್ತೀರಿ? ನಾಚ್ಕೆ ಆಗಲ್ವಾ?”

“ಆಗುತ್ತೆ,” ಅಂದ ಮಾಮ.

ಮೀಟಿಂಗು ಸೂಪರಿಂಟೆಂಡೆಂಟ್ ಮೇಡಂ ರೂಮಿನಲ್ಲಿ. ಮಾಮನಿಗೆ ಬಾಗಿಲ ಹತ್ತಿರ ಒಂದು ಸ್ಟೂಲು. ಸ್ಟೋರ್ ಕೀಪರ್ ಕೂಡ ಇದ್ದರು. ಆಸ್ಪತ್ರೆಗೆ ಒಂದು ಗುಂಡುಸೂಜಿ ಬಂದರೂ ಅವರ ರುಜು ಬೇಕು. ಮನುಷ್ಯ ಕೆಟ್ಟವರಲ್ಲ, ಮಹಾ ಶಿಸ್ತು.

“ಕಮ್ಯುನಿಟಿ ಎಡಿಷನ್ ಅಂದ್ರಲ್ಲ, ಯಾವ ಕಮ್ಯುನಿಟೀದು ಅದು?” ಅಂತ ಅವರೇ ಶುರು ಮಾಡಿದರು. “ಒಬ್ಬರ್ದು ತಂದು ಇನ್ನೊಬ್ಬರ್ದು ತರದೇ ಇದ್ರೆ ನಾಳೆ ಗೇಟ್ ಮುಂದೆ ಗಲಾಟೆ ಆಗುತ್ತೆ ಮೇಡಂ, ನಾನು ಜವಾಬ್ದಾರನಲ್ಲ.”

“ಎಲ್ಲರ್ದೂ ಸಾರ್ ಅದು,” ಅಂದರು ಕಂಪ್ಯೂಟರ್ ಮೇಡಂ ಹಲ್ಲು ಕಚ್ಚಿ.

“ಎಲ್ಲರ್ದೂ ಅಂದ್ರೆ ಯಾರ್ದೂ ಅಲ್ಲ ಅಂತಾಯ್ತು. ಕೆಟ್ರೆ ಯಾರ್ ಮನೆ ಬಾಗ್ಲು ತಟ್ಟೋದು?”

ಸೂಪರಿಂಟೆಂಡೆಂಟ್ ನಗು ತಡೆದುಕೊಂಡು ಸ್ಟೂಲಿನ ಕಡೆ ತಿರುಗಿದರು. “ಹೀಗೂ ಸಾರ್, ದಿನಾ ಬಳಸೋರು ನೀವು. ನೀವು ಹೇಳಿದ್ದೇ ಫೈನಲ್.”

ಇಪ್ಪತ್ತಾರು ವರ್ಷದಲ್ಲಿ ಮಾಮನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಅವನು ಎದ್ದು ನಿಂತು, “ದುಡ್ಡಿಂದೇ ತಗೊಳ್ಳಿ ಮೇಡಂ. ಒಂದು ದಿನಾನೂ ಹೆಸರು ಸಿಗದೇ ಇರಬಾರ್ದು,” ಅಂದ. ಕಂಪ್ಯೂಟರ್ ಮೇಡಂ ಅವನ ಕಡೆ ನೋಡಲೇ ಇಲ್ಲ.

ದುಡ್ಡಿನ ಎಡಿಷನ್ನಿಗೆ ಒಂದು ಲೆಕ್ಕ ಇತ್ತು. ಎಷ್ಟು ಜನ ಬಳಸುತ್ತಾರೋ ಅಷ್ಟು ‘ಸೀಟು’ ಕೊಳ್ಳಬೇಕು. ಸಾಫ್ಟ್‌ವೇರಿನವರ ಭಾಷೆಯಲ್ಲಿ ಸೀಟು ಅಂದರೆ ಒಬ್ಬರಿಗೆ ಒಳಗೆ ಹೋಗಲು ಒಂದು ಪರವಾನಗಿ. ಕಂಪ್ಯೂಟರ್ ಮೇಡಂ ಎಲ್ಲ ವಿಭಾಗ ಎಣಿಸಿ, ಇಂಡೆಂಟಿನಲ್ಲಿ, ಅಂದರೆ ಬೇಡಿಕೆ ಚೀಟಿಯಲ್ಲಿ, ‘ಸೀಟು — ಹನ್ನೆರಡು’ ಅಂತ ಬರೆದು ಸ್ಟೋರಿಗೆ ಕಳಿಸಿದರು. ಕಂಪನಿಯ ವಿಳಾಸ ಬಿಟ್ಟರೆ ಬರೆದದ್ದು ಅಷ್ಟೇ. ಆ ತಿಂಗಳ ಕೊನೆಗೆ ಅವರು ಕೆಲಸ ಬಿಟ್ಟು ಬೇರೆ ಕಡೆ ಸೇರಿಕೊಂಡರು. ಹೋಗುವ ದಿನ ನೆಲಮಾಳಿಗೆಗೆ ಇಳಿದು ಬರಲಿಲ್ಲ.

ಇಂಡೆಂಟು ಸ್ಟೋರ್ ಕೀಪರ್ ಮೇಜಿಗೆ ಬಂತು. ಈಗ ನೋಡಿ, ಸೀಟು ಅಂದರೆ ನಮಗೆ ಏನೇನೆಲ್ಲ! ಬಸ್ಸಿನಲ್ಲಿ ಸೀಟು ಹಿಡಿಯುತ್ತೇವೆ, ಕಾಲೇಜಿನಲ್ಲಿ ಸೀಟು ಸಿಗುತ್ತದೆ, ಚುನಾವಣೆಯಲ್ಲಿ ಸೀಟು ಕಳೆದುಕೊಳ್ಳುತ್ತಾರೆ. ಸ್ಟೋರ್ ಕೀಪರಿಗೆ ಸೀಟು ಅಂದರೆ ಒಂದೇ, ನಾಲ್ಕು ಕಾಲಿನದು. ಅವರು ಬೇರೆಯವರ ಹಾಗೆ ಕಣ್ಣು ಮುಚ್ಚಿ ರುಜು ಹಾಕುವವರಲ್ಲ. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಮೂರು ಮಹಡಿ ಹತ್ತಿ ಇಳಿದು, ಮೆಟ್ಟಿಲ ಕೆಳಗೆ, ಎಕ್ಸ್‌ರೇ ರೂಮಿನ ಹಿಂದೆ, ಎಲ್ಲೆಲ್ಲಿ ಮುರಿದ ಕುರ್ಚಿ ಬಿದ್ದಿದೆಯೋ ಅಲ್ಲೆಲ್ಲ ಹೋಗಿ, ಅಲ್ಲಾಡಿಸಿ ನೋಡಿ ಬಂದು ಕೆಂಪು ಶಾಯಿಯಲ್ಲಿ ಬರೆದರು: ‘ಏಳು ಹಳೆಯ ಸೀಟುಗಳು ದುರಸ್ತಿಗೆ ಯೋಗ್ಯ. ಐದು ಹೊಸತು ಸಾಕು.’ ಸೂಪರಿಂಟೆಂಡೆಂಟ್ ರುಜು ಬಿತ್ತು. ಕಂಪನಿಗೆ ಐದು ಸೀಟಿನ ಆರ್ಡರ್ ಹೋಯಿತು, ಮೂರು ವರ್ಷದ ಕರಾರು. ಇದು ತಪ್ಪು ಅಂತ ಗುರುತಿಸಬಲ್ಲ ಒಬ್ಬರೇ ಒಬ್ಬರು ಆಗಲೇ ಕೆಲಸ ಬಿಟ್ಟಾಗಿತ್ತು.

ಒಂದು ಸೋಮವಾರ ಇಬ್ಬರು ಅಟೆಂಡರ್‌ಗಳು ಒಂದು ಕುರ್ಚಿ ಹೊತ್ತು ನೆಲಮಾಳಿಗೆಗೆ ಇಳಿದರು. ಹೊಸ ರೆಕ್ಸಿನ್ನು, ಹೊಸ ಗಾಲಿ, ಕೈಗೆ ಮಾತ್ರ ಹಳೆಯ ಬಣ್ಣ.

“ಹೀಗೂ ಸಾರ್, ನಿಮ್ ಸೀಟು ಬಂತು! ಸೈನ್ ಹಾಕಿ.”

ಮಾಮ ಖುಷಿಯಿಂದ ಸೈನ್ ಹಾಕಿದ. ಕೂತು ಒಂದು ಸುತ್ತು ತಿರುಗಿದನಂತೆ ಕೂಡ! ಆಮೇಲೆ ಕಂಪ್ಯೂಟರ್ ಹಾಕಿ, ತನ್ನ ಹೆಸರು ಒತ್ತಿದ. ಪರದೆ ಹೇಳಿತು: ‘ಸೀಟು ಖಾಲಿ ಇಲ್ಲ.’

ಐದು ಸೀಟು ಹೋದದ್ದು ನೋಂದಣಿ, ಬಿಲ್ಲು, ತುರ್ತು ಘಟಕ, ಔಷಧಿ ವಿಭಾಗ ಮತ್ತು ಸೂಪರಿಂಟೆಂಡೆಂಟ್ ಕಚೇರಿಗೆ. ಮಾಮ ಸ್ಟೋರಿಗೆ ಓಡಿದ.

“ಸಾರ್, ಸೀಟು ಅಂದ್ರೆ ಕುರ್ಚಿ ಅಲ್ಲ ಸಾರ್.”

“ಮತ್ತೇನ್ರೀ?”

“ಸೀಟು ಅಂದ್ರೆ... ಒಬ್ಬ ಮನುಷ್ಯ.”

“ಮನುಷ್ಯನ್ನ ಇಂಡೆಂಟ್‌ನಲ್ಲಿ ತರಿಸ್ತಾರೇನ್ರೀ ಯಾರಾದ್ರೂ? ನಾನೂ ಇಪ್ಪತ್ತೆರಡು ವರ್ಷದಿಂದ ಸ್ಟೋರ್ ನೋಡ್ಕೊಂಡಿದೀನಿ. ಯಾಕೆ, ಗಾಲಿ ಸರಿ ತಿರುಗ್ತಿಲ್ವಾ?”

ಅರ್ಥವಾಗುವ ಹೊತ್ತಿಗೆ ಪಾಪ ಅವರ ಮುಖ ಬಿಳಿಚಿಕೊಂಡಿತು. ಇಬ್ಬರೂ ಸೂಪರಿಂಟೆಂಡೆಂಟ್ ಹತ್ತಿರ ಹೋದರು. ಅವರು ಕರಾರು ತಿರುವಿ ಹಾಕಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೂರು ವರ್ಷ ಇದನ್ನ ಮುಟ್ಟೋ ಹಾಗಿಲ್ಲ, ಮೇಲಿನ ಕಚೇರಿಯವರು ಕೇಳಿದ್ರೆ ಏನ್ ಹೇಳೋದು, ಕುರ್ಚಿ ಅಂದ್ಕೊಂಡ್ವಿ ಅಂತಲಾ? ನಿಮಗಿನ್ನೂ ಎಷ್ಟು ಸರ್ವೀಸ್ ಇದೆ ಹೀಗೂ ಸಾರ್?”

“ಎರಡು ವರ್ಷ ನಾಲ್ಕು ತಿಂಗಳು ಮೇಡಂ.”

ಸೂಪರಿಂಟೆಂಡೆಂಟ್ ಕರಾರನ್ನು ಮಡಚಿ ಡ್ರಾಯರಿಗೆ ಹಾಕಿದರು. ಹೊರಗೆ ಬಂದ ಮೇಲೆ ಸ್ಟೋರ್ ಕೀಪರ್ ಅವನ ಕೈ ಹಿಡಿದು, “ಇನ್ನೊಂದು ಕುರ್ಚಿ ಬೇಕಾದ್ರೆ ಕೊಡ್ತೀನಿ ಕಣ್ರೀ,” ಅಂದರಂತೆ.

ಮಾಮ ಕಂಪನಿಗೆ ಬರೆದ. ಆ ಪಟ್ಟಿ ನಂದು, ನನ್ನ ಹೆಂಡತಿಯದು, ನನಗೆ ಒಂದೇ ಒಂದು ಸೀಟು ಕೊಡಿ ಅಂತ. ಎರಡೇ ದಿನಕ್ಕೆ ಬಹಳ ಮರ್ಯಾದೆಯ ಉತ್ತರ ಬಂತು, ನಿಮ್ಮ ಕೊಡುಗೆಗೆ ನಾವು ಆಭಾರಿ, ಸೀಟುಗಳ ಬಗ್ಗೆ ದಯವಿಟ್ಟು ನಿಮ್ಮ ಸಂಸ್ಥೆಯ ಖರೀದಿ ವಿಭಾಗವನ್ನು ಕೇಳಿ. ಖರೀದಿ ವಿಭಾಗ ಅಂದರೆ ಸ್ಟೋರ್ ಕೀಪರ್! ಗಣಿತದ ಮೇಷ್ಟ್ರಿಗೂ ಬರೆದ. ಅವರಿಂದ ಏನೂ ಬರಲಿಲ್ಲ, ಇದ್ದಾರೋ ಇಲ್ಲವೋ. ಕಂಪ್ಯೂಟರ್ ಮೇಡಂಗೆ ಫೋನ್ ಮಾಡಲು ಮೂರು ಸಲ ನಂಬರ್ ಒತ್ತಿ ಮೂರು ಸಲವೂ ಕಟ್ ಮಾಡಿದ. ಪುಕ್ಕಟೆಯದನ್ನೇ ಹಾಕಿಸಿದ್ದರೆ ಎಷ್ಟು ಜನ ಬೇಕಾದರೂ ಕೂರಬಹುದಿತ್ತು, ಮೇಡಂ ಕೇಳಿದ್ದ ಆರು ತಿಂಗಳೂ ಅಷ್ಟರಲ್ಲಿ ಕಳೆದುಹೋಗಿತ್ತು.

ಈಗ ಕಿಟಕಿಗೆ ಬಂದವರ ಹೆಸರನ್ನು ಮಾಮ ಒಂದು ಚೀಟಿಯಲ್ಲಿ ಬರೆದು, ಮೆಟ್ಟಿಲು ಹತ್ತಿ, ನೋಂದಣಿ ಕೌಂಟರಿನ ಅಕ್ಕನಿಗೆ ಕೊಟ್ಟು ಬರುತ್ತಾನೆ. ಅವಳಿಗೆ ಬಿಡುವಾದಾಗ ನೋಡುತ್ತಾಳೆ. ‘ಇಲ್ಲ’ ಅಂತ ಬರೆದ ಚೀಟಿಗಳು ವಾಪಸ್ ಬರತೊಡಗಿದವು, ದಿನಕ್ಕೆ ಆರು, ಏಳು. ಇಷ್ಟು ‘ಇಲ್ಲ’ ಹೇಗೆ ಸಾಧ್ಯ ಅಂತ ಮಾಮ ಒಂದು ದಿನ ಕೇಳಿಯೇಬಿಟ್ಟ.

“ಆ ಸ್ಮಾರ್ಟ್ ಸರ್ಚ್ ಆಫ್ ಮಾಡ್ಬಿಟ್ಟಿದೀನಿ ಸಾರ್,” ಅಂದಳು ಆಕೆ. “ಒಂದು ಹೆಸರು ಹೊಡೆದ್ರೆ ನಲವತ್ತು ಬರುತ್ತೆ. ಹಿಂದೆ ಲೈನಲ್ಲಿ ಇರೋರು ಬಾಯಿಗೆ ಬಂದಂಗೆ ಬೈತಾರೆ.”

“ಆ ನಲವತ್ತರಲ್ಲೇ ಇರೋದು ಕಣಮ್ಮ ಅದು.”

“ಹೊಸ ಕಾರ್ಡ್ ಮಾಡೋದು ಸುಲಭ ಸಾರ್.”

ಅಷ್ಟು ದುಡ್ಡು ಕೊಟ್ಟು, ಕಂಪ್ಯೂಟರ್ ಮೇಡಂ ಜೊತೆ ಮಾತು ಬಿಟ್ಟು ಕೊಂಡ ಕಿವಿ, ಅದನ್ನು ಯಾರೂ ಬಳಸುತ್ತಲೇ ಇರಲಿಲ್ಲ.

ಹೋದ ತಿಂಗಳು ಅತ್ತೆಗೆ ಜ್ವರ ಬಂತು. ಕಾಲೇಜಿಗೆ ರಜೆ ಇತ್ತು, ನಾನೇ ಕರೆದುಕೊಂಡು ಹೋದೆ. ಬೆಳಗಿನ ಹತ್ತು ಗಂಟೆ, ಲೈನು ಬಾಗಿಲಾಚೆಗೆ. ಅತ್ತೆ ಗಾಜಿನ ತೂತಿಗೆ ಬಾಯಿಟ್ಟು ಹೆಸರು ಹೇಳಿದಳು. ಕೌಂಟರಿನ ಅಕ್ಕ ತನಗೆ ಕೇಳಿದ ಹಾಗೆ ಹೊಡೆದಳು, ‘ಹ’ದಿಂದಲೇ, ಸರಿಯಾಗಿಯೇ. ಫೈಲಿರುವುದು ‘ಅ’ದಲ್ಲಿ, ಹತ್ತೊಂಬತ್ತು ವರ್ಷದ ಹಿಂದಿನ ಕಾಗದಗಳನ್ನೂ ಆಮೇಲೆ ಅದಕ್ಕೇ ಸೇರಿಸಿದ್ದರು, ಒಮ್ಮೆ ದಾಖಲಾದ ಹೆಸರನ್ನು ತಿದ್ದುವ ಅಧಿಕಾರ ರೆಕಾರ್ಡ್ ರೂಮಿಗಿಲ್ಲ.

“ಹಳೇದು ಇಲ್ಲ. ಹೊಸ ಕಾರ್ಡ್ ಕೊಡ್ತೀನಿ.”

ನಾನು ಮಾಮನಿಗೆ ಫೋನ್ ಮಾಡಿದೆ. ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಏದುಸಿರು ಬಿಡುತ್ತ ಬಂದ. “ಇದೆ ಕಣಮ್ಮ, ನಾನೇ ಸ್ಕ್ಯಾನಿಗೆ ಕೊಟ್ಟಿದ್ದು. ‘ಅ’ ಹಾಕಿ ನೋಡು. ಹೀಗೂ ಬರೀ—”

“ರೀ ಯಜಮಾನ್ರೇ, ಮನೇಗೆ ಹೋಗಿ ಬರ್ಕೊಳ್ರೀ!” ಅಂತ ಲೈನಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಅಷ್ಟರಲ್ಲಿ ಕಾರ್ಡು ಪ್ರಿಂಟಾಗಿ ಬಂದಿತ್ತು. ಅದರ ಮೇಲೆ, ಯಾರೂ ಕೇಳದೆ ತಾನಾಗಿ ಬೀಳುವ ಒಂದು ಸಾಲು: ‘ಆಗದ ಔಷಧಿ — ಯಾವುದೂ ಇಲ್ಲ.’

ಮಾಮ ಕೆಂಪು ಪೆನ್ನು ತೆಗೆದು ಕಾರ್ಡಿನ ಹಿಂದೆ ಔಷಧಿಯ ಹೆಸರು ಬರೆದು, ‘ಕೊಡಬಾರದು’ ಅಂತ ಅಡಿಗೆರೆ ಎಳೆದ.

“ಅದನ್ನ ಯಾರೂ ನೋಡಲ್ಲ ಸಾರ್,” ಅಂದಳು ಆಕೆ ಮೆಲ್ಲಗೆ. ಬೇಜಾರಿನಿಂದಲೇ ಅಂದಳು. “ಮುಂದಿನ ಸೈಡ್ ಮಾತ್ರ ಓದೋದು.”

ಅತ್ತೆಗೇನೋ ಮಾಮ ಇದ್ದಾನೆ. ಡಾಕ್ಟರ ರೂಮಿಗೆ ಅವನೇ ಜೊತೆಗೆ ಹೋಗಿ ಬಾಯಿಬಿಟ್ಟು ಹೇಳುತ್ತಾನೆ. ನಾವು ಗೋಡೆಯ ಪಕ್ಕದ ಬೆಂಚಿಗೆ ಸರಿದೆವು. ನಮ್ಮ ಹಿಂದೆ ಇದ್ದದ್ದು ಒಬ್ಬ ಮುದುಕ, ಲಾರಿ ಡ್ರೈವರ್ ಇರಬೇಕು, ಒಬ್ಬನೇ ಬಂದಿದ್ದ. ಎಂಟು ವರ್ಷದ ಹಿಂದೆ ಇಲ್ಲೇ ಆಪರೇಷನ್ ಆಗಿದೆ ಅಂದ. ಹೆಸರು ಹೇಳಿದ. ನಡುವೆ ಒಂದು ‘ಳ’ ಇತ್ತು. ಮಾಮನ ತುಟಿ ಅಲ್ಲಾಡಿದ್ದು ಕಂಡಿತು. ಕೌಂಟರಿನ ಅಕ್ಕ ಹೊಡೆದಳು.

“ಇಲ್ಲ. ಹೊಸ ಕಾರ್ಡ್.”

“ಏನಂತ್ರೀ?” ಅಂತ ಅತ್ತೆ ಬಲಗಿವಿ ಈ ಕಡೆ ತಿರುಗಿಸಿದಳು.

“ಹೆಸರಿಲ್ವಂತೆ ಕಣೇ.”

“ಉಸಿರಿಲ್ವಾ? ಅಯ್ಯೋ, ಯಾರಿಗ್ರೀ?”

ಮಾಮನ ಕೈ ರೂಢಿಯಿಂದ ಜೇಬಿಗೆ ಹೋಯಿತು. ನೋಟ್‌ಬುಕ್ ಆಚೆ ಬಂತು, ಹೆಬ್ಬೆರಳು ಹಾಳೆ ಹುಡುಕಿತು, ಪೆನ್ನಿನ ಮುಚ್ಚಳವನ್ನೂ ತೆಗೆದ. ಆಮೇಲೆ ಮುಚ್ಚಳ ಹಾಕಿ, ನೋಟ್‌ಬುಕ್ಕನ್ನು ಬರೆಯದೆಯೇ ಜೇಬಿಗೆ ಹಾಕಿಕೊಂಡ. ಮುದುಕ ಹೊಸ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ ಒಳಗೆ ಹೋಗುತ್ತಿದ್ದ.